ಕಾಕಾನ ಪುಡಿಕೆ

ಅವನು ಹೋದ ಸುದ್ದಿ ಬಂದ ಮರುವಾರವೇ ಔಷಧ ವ್ಯಾಪಾರಿಗಳ ಸಂಘದಿಂದ ಒಬ್ಬರು ಫೋನ್ ಮಾಡಿದರು. ವಾರ್ಷಿಕ ಸಂಚಿಕೆಯಲ್ಲಿ ಅವನ ನೆನಪಿಗೆಂದು ಒಂದು ಪುಟ ತೆಗೆದಿಟ್ಟಿದ್ದಾರಂತೆ. ಅವನ ಜೊತೆ ಕೆಲಸ ಮಾಡಿದವರಲ್ಲಿ ಬರೆಯಲು ಬರುವವಳು ನಾನೊಬ್ಬಳೇ ಅಂತೆ. "ಭಾಳೇನ ಬ್ಯಾಡ್ರಿ ಮೇಡಮ್, ಎರಡು ಚಲೋ ಮಾತು ಬರದು ಕೊಡ್ರಿ, ಸಾಕು" ಎಂದರು.

ಎರಡು ಒಳ್ಳೆಯ ಮಾತು ನನ್ನ ಹತ್ತಿರ ಇವೆ. ಮೊದಲು ಅವನ್ನು ಬರೆದು ಕೈ ತೊಳೆದುಕೊಳ್ಳುತ್ತೇನೆ. ಒಂದು, ಬೆಳಗಾವಿಯ ಯಾವ ಡಾಕ್ಟರ ಕೈಬರಹವನ್ನಾದರೂ ಅವನು ಓದುತ್ತಿದ್ದ. ಎರಡು, ಅವನ ಕೈ ಬಹಳ ಚುರುಕು. ಮುಗಿಯಿತು. ಸಂಘದವರು ಇಲ್ಲಿಗೇ ಕತ್ತರಿಸಿ ಅಚ್ಚು ಹಾಕಿಸಿಕೊಳ್ಳಬಹುದು. ಉಳಿದದ್ದನ್ನು ನಾನು ನನಗಾಗಿ ಬರೆಯುತ್ತಿದ್ದೇನೆ. ಇದರಲ್ಲಿ ಅವನ ಹೆಸರು ಬರುವುದಿಲ್ಲ. ಹೆಸರು ಬರೆದರೆ ಅದೂ ಒಂದು ಮರ್ಯಾದೆ ಮಾಡಿದ ಹಾಗೆ. ಅವನಿರುವಷ್ಟು ದಿನ 'ರೀ' ಬಿಟ್ಟು ಮಾತಾಡಿಸಿದವಳಲ್ಲ ನಾನು. ಈಗ 'ಅವನು' ಎಂದು ಬರೆಯುವಾಗ ಬೆರಳಿಗೆ ಸುಖವಾಗುತ್ತಿದೆ.

ಎಲ್ಲರೂ ಅವನನ್ನು ಕಾಕಾ ಎನ್ನುತ್ತಿದ್ದರು. ಉದ್ಯಮಬಾಗದ ಕಡೆ ಹೋಗುವ ರಸ್ತೆಯಲ್ಲಿ ಒಂದು ಹಳೆಯ ಮೆಡಿಕಲ್ ಅಂಗಡಿ. ಮಾಲೀಕರು ಜೈನರು, ಸಾಧು ಮನುಷ್ಯ, ಸೂರ್ಯ ಮುಳುಗುವುದರೊಳಗೆ ಮನೆಗೆ ಹೋಗಿ ಊಟ ಮುಗಿಸಬೇಕು. ಅವರು ಎದ್ದು ಹೋದ ಮೇಲೆ ಅಂಗಡಿ ಪೂರ್ತಿ ಕಾಕಾನದು. ನಿಜ ಹೇಳಬೇಕೆಂದರೆ ಅವರು ಇದ್ದಾಗಲೂ ಅವನದೇ. ಸಣ್ಣ ಆಳು, ಬಿಳಿ ಅಂಗಿ, ಹಣೆಯ ಮೇಲೆ ಏರಿಸಿಟ್ಟ ಕನ್ನಡಕ. ಆ ಕನ್ನಡಕ ಮೂಗಿಗೆ ಇಳಿದದ್ದನ್ನು ಆಗ ನಾನು ನೋಡಲೇ ಇಲ್ಲ. ಎಡಗೈ ಹೆಬ್ಬೆರಳಿನ ಉಗುರನ್ನು ಉದ್ದ ಬಿಟ್ಟು, ಉಜ್ಜಿ ಚೂಪು ಮಾಡಿಟ್ಟುಕೊಂಡಿದ್ದ. ಗುಳಗಿಯ ಪಟ್ಟಿಯನ್ನು ಕತ್ತರಿ ಇಲ್ಲದೆ ಆ ಉಗುರಿನಿಂದಲೇ ಸೀಳುತ್ತಿದ್ದ. ಅವನ ಊರು ನಂದಗಡ, ನನ್ನದು ಖಾನಾಪುರ. ಒಂದೇ ತಾಲೂಕಿನವರು ಎಂದು ಮೊದಲ ದಿನ ನನಗೆ ಖುಷಿಯಾಗಿತ್ತು. ಎಂಥ ಹುಚ್ಚಿ ನಾನು.

ಮೆಡಿಕಲ್ ಅಂಗಡಿ ಇಡಬೇಕಾದರೆ ಫಾರ್ಮಸಿ ಓದಿ ನೋಂದಣಿ ಮಾಡಿಸಿಕೊಂಡವರೊಬ್ಬರು ಅಲ್ಲಿ ಇರಬೇಕು. ಅವರ ಪ್ರಮಾಣಪತ್ರ ಫೋಟೋ ಸಮೇತ ಗೋಡೆಯ ಮೇಲೆ ಕಾಣಬೇಕು. ನಾನು ಕಾಲೇಜು ಮುಗಿಸಿ ಆ ಅಂಗಡಿಗೆ ಸೇರಿದ್ದು ಹಾಗೆ. ಮೊದಲ ದಿನ ಕೌಂಟರಿನ ಹತ್ತಿರ ಹೋದೆ. ಕಾಕಾ ಮೂಲೆಯಲ್ಲಿದ್ದ ಸ್ಟೂಲನ್ನು ಕಾಲಿನಿಂದ ನನ್ನ ಕಡೆ ಸರಿಸಿದ.

"ಕುಂದರ್ರಿ ಮೇಡಮ್."

"ಇರ್ಲಿ ಕಾಕಾ, ನಾನೂ ಕೌಂಟರಿಗೆ ನಿಂದರ್ತೀನಿ."

"ಬ್ಯಾಡ್ರಿ. ನಿಮ್ಮ ಕೆಲಸ ಅಂದ್ರ ಕುಂದರೂದು. ಇನ್ಸ್‌ಪೆಕ್ಟರ್ ಸಾಹೇಬ್ರು ಬಂದ್ರ ಅಷ್ಟ ಎದ್ದು ನಿಂದರ್ರಿ."

ಗಿರಾಕಿಗಳು ನಕ್ಕರು. ಅವನಿಗೆ ಗಿರಾಕಿಗಳ ಮುಂದೆ ನಗಿಸುವುದು ಬಹಳ ಇಷ್ಟ. ಯಾರಾದರೂ ಹೊಸಬರು ಇವರು ಯಾರು ಎಂದು ನನ್ನ ಕಡೆ ಬೆರಳು ತೋರಿಸಿದರೆ ಗೋಡೆಯ ಚೌಕಟ್ಟು ತೋರಿಸುತ್ತಿದ್ದ. "ಅಲ್ಲಿ ಫೋಟೋದಾಗ ಅದಾರಲ್ರಿ, ಅವರ. ಊದಿನಕಡ್ಡಿ ಹಚ್ಚೂದೊಂದ ಬಾಕಿ ಐತಿ." ಈ ಮಾತನ್ನು ಅವನು ಎಷ್ಟು ಸಲ ಹೇಳಿದನೋ, ನಾನು ಅಷ್ಟೂ ಸಲ ನಕ್ಕೆ. ನಗದೇ ಇದ್ದರೆ ಇನ್ನೂ ಹೇಳುತ್ತಿದ್ದ.

ಅವನ ಕೆಲಸದ ಬಗ್ಗೆ ಸುಳ್ಳು ಬರೆಯುವುದಿಲ್ಲ. ಸುಳ್ಳು ಬರೆದರೆ ಈ ಬರಹಕ್ಕೆ ಬೆಲೆ ಇರುವುದಿಲ್ಲ. ಡಾಕ್ಟರು ಪೆನ್ನು ಒತ್ತಿ ಎಳೆದ ಒಂದು ಗೆರೆ, ಅದರ ಕೊನೆಗೊಂದು ಕೊಂಕು. ನಾನು ಅದನ್ನು ತಿರುಗಿಸಿ ಮುರುಗಿಸಿ ನೋಡುವಷ್ಟರಲ್ಲಿ ಅವನ ಕೈ ಮೂರನೆಯ ಖಾನೆಯ ಡಬ್ಬಿಯ ಮೇಲಿರುತ್ತಿತ್ತು. "ಆ ಕೆಂಪು ಡಬ್ಬ್ಯಾಗಿನ ಗುಳಗಿ, ಸಣ್ಣ ಹುಡುಗನ ಚಿತ್ರ ಇರತೈತೆಲ್ಲ" ಎಂದು ಕೇಳಿದವರಿಗೆ ಅದೇ ಡಬ್ಬಿ ತೆಗೆದುಕೊಡುತ್ತಿದ್ದ. ಒಬ್ಬ ಹೆಂಗಸು ಬಂದು ಏನೂ ಕೇಳದೆ ಬಾಜೂ ಸರಿದು ನಿಂತರೆ ಅವಳಿಗೆ ಏನು ಬೇಕೆಂದು ಅವನಿಗೆ ಗೊತ್ತು. ಪೇಪರಿನಲ್ಲಿ ಸುತ್ತಿ, ಮುಖ ನೋಡದೆ ಅವಳ ಚೀಲಕ್ಕೆ ಹಾಕುತ್ತಿದ್ದ. ಮರಾಠಿಯವರು ಬಂದರೆ ಮರಾಠಿ, ಆಟೋ ನಗರದ ಮೇಸ್ತ್ರಿಗಳು ಬಂದರೆ ಹಿಂದಿ. ನನಗೆ ಕಾಲೇಜಿನಲ್ಲಿ ಔಷಧ ಹೊಟ್ಟೆಗೆ ಹೋಗಿ ಏನು ಮಾಡುತ್ತದೆ, ಯಾವುದರ ಜೊತೆ ಯಾವುದು ಕೂಡುವುದಿಲ್ಲ ಎಂಬುದನ್ನೆಲ್ಲ ಕಲಿಸಿದ್ದರು. ಜನ ಅದನ್ನು ಯಾವ ಹೆಸರಿನಿಂದ ಕೇಳುತ್ತಾರೆ ಎಂದು ಕಲಿಸಿರಲಿಲ್ಲ. ಅದನ್ನು ನಾನು ಸ್ಟೂಲಿನ ಮೇಲೆ ಕುಳಿತು ಅವನ ಕೈ ನೋಡಿ ಕದ್ದು ಕಲಿತೆ. ಇವತ್ತು ನನ್ನ ಅಂಗಡಿ ನಡೆಯುವುದರಲ್ಲಿ ಆ ಕದ್ದ ಕಲಿಕೆಯೂ ಇದೆ. ಇದನ್ನು ಬರೆಯುವಾಗ ಹಲ್ಲು ಕಡಿಯುತ್ತಿದ್ದೇನೆ.

ಅವನಿಗೆ ಗೊತ್ತಿಲ್ಲದ್ದು ಒಂದೇ. ಗುಳಗಿ ಕೌಂಟರ್ ದಾಟಿದ ಮೇಲೆ ಏನಾಗುತ್ತದೆ ಎಂಬುದು. ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ.

ಒಂದು ಸಲ ಒಬ್ಬ ಮುದುಕರು ಸೊಂಟ ನೋವಿಗೆ ಗುಳಗಿ ಕೇಳಿದರು. ಅವರ ಕೈಯಲ್ಲಿದ್ದ ಹಳೆಯ ಚೀಟಿಯಲ್ಲಿ ರಕ್ತ ತೆಳ್ಳಗಾಗುವ ಔಷಧ ಇತ್ತು. ಅದರ ಜೊತೆ ನೋವಿನ ಗುಳಗಿ ಹೋದರೆ ಹೊಟ್ಟೆಯೊಳಗೆ ರಕ್ತ ಸುರಿಯಬಹುದು. ನಾನು ಎದ್ದು ಹೋಗಿ, "ಅಜ್ಜಾರ, ಇದು ನಿಮಗ ನಡ್ಯಂಗಿಲ್ಲ, ಯಾಕಂದ್ರ..." ಎಂದು ಶುರು ಮಾಡಿದೆ. ಕಾಕಾ ಕೈ ಕಟ್ಟಿ ನಿಂತುಬಿಟ್ಟ.

"ಸುರು ಆತು ನೋಡ್ರಿ ಮೇಡಮ್ಮಾರ ಭಾಷಣ. ಅಜ್ಜಾರ, ಕುಂತು ಕೇಳ್ರಿ. ಬಸ್ ಹೋದ್ರ ಹೋಗಲಿ!"

ಮುದುಕರಿಗೆ ಅವಮಾನವಾಯಿತು. ಚೀಟಿ ಕಿತ್ತುಕೊಂಡು ಮುಂದಿನ ಅಂಗಡಿಗೆ ಹೋದರು. ಮಾಲೀಕರು ಸಂಜೆ ನನ್ನನ್ನು ಕರೆದು ಮೆತ್ತಗೆ, "ತಂಗೀ, ಗಿರಾಕಿ ಹೊಳ್ಳಿ ಹೋಗಬಾರದು ನೋಡ್ರಿ" ಎಂದರು. ಆ ಅಜ್ಜ ಮುಂದಿನ ಅಂಗಡಿಯಲ್ಲಿ ಏನು ತೆಗೆದುಕೊಂಡರೋ ನನಗೆ ಗೊತ್ತಿಲ್ಲ. ಕಾಕಾ ಆ 'ಭಾಷಣ' ಎಂಬ ಮಾತನ್ನು ಆಮೇಲೆ ಬಿಡಲೇ ಇಲ್ಲ. ನಾನು ಬಾಯಿ ತೆರೆದರೆ ಸಾಕು, ಕೈ ಕಟ್ಟಿ ನಿಲ್ಲುತ್ತಿದ್ದ.

ಮಾಲೀಕರು ಊಟಕ್ಕೆ ಹೋದ ಮೇಲೆ ಪುಡಿಕೆಯ ಹೊತ್ತು. ಉದ್ಯಮಬಾಗದ ಫೌಂಡ್ರಿಗಳಲ್ಲಿ ಪಾಳಿ ಬದಲಾಗುವ ಸಮಯ. ಬೈಕು ನಿಲ್ಲಿಸಿ ಇಳಿದವರು ಯಾರೂ ಚೀಟಿ ತರುತ್ತಿರಲಿಲ್ಲ. "ಕಾಕಾ, ಒಂದು ಪುಡಿಕಿ" ಎನ್ನುವರು. ಕಾಕಾ ಏನು ಬೇನೆ ಎಂದು ಕೇಳುತ್ತಿರಲಿಲ್ಲ. "ಡ್ಯೂಟಿ ಯಾವಾಗ?" ಎಂದು ಕೇಳುತ್ತಿದ್ದ. ಈಗಲೇ ಡ್ಯೂಟಿ ಎಂದರೆ ಒಂದು ಥರ, ಬೆಳಿಗ್ಗೆ ಎಂದರೆ ಇನ್ನೊಂದು ಥರ. ಪಟ್ಟಿಗಳಿಂದ ಒಂದೊಂದೇ ಗುಳಗಿ ಒತ್ತಿ ತೆಗೆಯುವನು. ಒಂದು ಬಿಳಿ, ಒಂದು ಗುಲಾಬಿ, ಅರ್ಧ ಹಳದಿ. ಹಳೆಯ ಕ್ಯಾಲೆಂಡರ್ ಕತ್ತರಿಸಿ ಮಾಡಿದ ಚೌಕದಲ್ಲಿ ಹಾಕಿ ಒಂದೇ ಕೈಯಲ್ಲಿ ಮಡಚುವನು. ಮೇಲೆ ಹೆಸರಿಲ್ಲ, ಲೆಕ್ಕವಿಲ್ಲ. "ಮುಂಜಾನಿ ಒಂದು, ರಾತ್ರಿ ಒಂದು. ಉಂಡು ತಗೋ." ಮರುದಿನ ಅವರು ಆರಾಮಾಗಿ ಡ್ಯೂಟಿಗೆ ಹೋಗುತ್ತಿದ್ದರು. ಆ ಅರ್ಧ ಹಳದಿ ಸ್ಟೀರಾಯ್ಡ್. ಅದು ಯಾವ ನೋವನ್ನಾದರೂ ಮುಚ್ಚಿಹಾಕುತ್ತದೆ, ಊಟ ಸೇರುವ ಹಾಗೆ ಮಾಡುತ್ತದೆ, ಮುಖಕ್ಕೆ ಕಳೆ ತರುತ್ತದೆ. ಒಳಗೆ ಎಲುಬು ಟೊಳ್ಳಾಗುತ್ತ ಹೋಗುತ್ತದೆ. ನಾನು ಹೇಳಿದೆ. ಅವನಿಗೂ ಹೇಳಿದೆ, ಮಾಲೀಕರಿಗೂ ಹೇಳಿದೆ. "ಪುಡಿಕಿ ತಗೊಂಡು ಯಾರರ ಸತ್ತಾರೇನ್ರಿ ಮೇಡಮ್? ಸತ್ತಿದ್ರ ಮತ್ಯಾಕ ಬರ್ತಿದ್ರು?" ಎಂದ. ಗಿರಾಕಿಗಳು ಮತ್ತೆ ನಕ್ಕರು.

ಆಗ ನಾನು ಬೆಳಗಾವಿಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿದ್ದೆ. ಅವ್ವ ಖಾನಾಪುರದಲ್ಲಿ ಸೋದರಮಾವನ ಮನೆಯಲ್ಲಿದ್ದಳು. ಒಂದು ದಿನ ಯಾರದೋ ಮದುವೆಯ ಜವಳಿಗೆಂದು ಬೆಳಗಾವಿಗೆ ಬಂದವಳು ಮಗಳ ಅಂಗಡಿ ನೋಡಿಕೊಂಡು ಹೋಗೋಣವೆಂದು ಬಂದಳು. ನಾನು ಬ್ಯಾಂಕಿಗೆ ಹೋಗಿದ್ದೆ. ಅವ್ವ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿದ್ದನ್ನು ಕಾಕಾ ನೋಡಿದ. ಸ್ಟೂಲು ಕೊಟ್ಟ, ಚಹಾ ತರಿಸಿದ, ಪುಡಿಕೆ ಕಟ್ಟಿಕೊಟ್ಟ. "ಮೇಡಮ್ಮಾರ ಅವ್ವ ಅಂದ್ರ ನಮಗ ಅಕ್ಕಾರಿದ್ದಂಗ" ಎಂದನಂತೆ. ಇನ್ನೊಂದು ಮಾತೂ ಹೇಳಿ ಕಳಿಸಿದ: "ಮಗಳ ಮುಂದ ಹೇಳಬ್ಯಾಡ್ರಿ ಅಕ್ಕಾರ. ಅವರದು ಭಾಷಣ ಭಾಳ."

ಅವ್ವನ ಮೊಣಕಾಲು ಮರುದಿನವೇ ಹಗುರಾಯಿತು. ಆಮೇಲೆ ಓಣಿಯಲ್ಲಿ ಉದ್ಯಮಬಾಗಕ್ಕೆ ಕೆಲಸಕ್ಕೆ ಹೋಗುವವನೊಬ್ಬನ ಕೈಯಲ್ಲಿ ತರಿಸಿಕೊಳ್ಳತೊಡಗಿದಳು. ನನ್ನಿಂದ ಹತ್ತು ಹೆಜ್ಜೆ ಆಚೆ, ನನ್ನ ಕಣ್ಣ ಮುಂದೆಯೇ ಅವನು ನನ್ನ ಅವ್ವನ ಪುಡಿಕೆ ಕಟ್ಟುತ್ತಿದ್ದ. ಯಾರ ಪುಡಿಕೆ ಯಾರಿಗೆ ಎಂದು ನನಗೆ ಹೇಗೆ ತಿಳಿಯಬೇಕು? ರವಿವಾರ ಊರಿಗೆ ಹೋದಾಗ ಅವ್ವನ ಮುಖ ತುಂಬಿಕೊಂಡಿತ್ತು. ನನಗೆ ಸಂಶಯ ಬಂತು, ಕೇಳಿದೆ. ವಿಭೂತಿ ಡಬ್ಬಿಯ ಮೇಲೆ ಕೈಯಿಟ್ಟು ಏನೂ ತಗೊಂಡಿಲ್ಲ ಎಂದಳು. ಮುಖ ತುಂಬಿದ್ದು ನಿನ್ನ ಮಾವನ ಮನೆಯ ಹಾಲು ಹೈನದಿಂದ ಎಂದಳು. ನನ್ನ ಅವ್ವ ನನಗೆ ಸುಳ್ಳು ಹೇಳಿದವಳೇ ಅಲ್ಲ. ಅದನ್ನೂ ಅವನೇ ಕಲಿಸಿದ.

ಹೀಗೇ ತಿಂಗಳುಗಳು ಕಳೆದ ಮೇಲೆ ಕಾಕಾ ತನ್ನ ಮಗಳ ಮದುವೆಗೆ ನಂದಗಡಕ್ಕೆ ಹೋದ. ಅವನು ಇಲ್ಲದಾಗ ಪುಡಿಕೆ ಕಟ್ಟುವವರು ಯಾರೂ ಇರಲಿಲ್ಲ. ಊರಲ್ಲಿ ಅವ್ವನ ಪುಡಿಕೆ ತೀರಿತು. ಅವಳು ನಾಲ್ಕಾರು ದಿನ ಕಾದಳು. ನಿಶ್ಶಕ್ತಿ, ವಾಂತಿ, ಕಣ್ಣು ಕತ್ತಲೆ. ಬಚ್ಚಲಿಗೆ ಹೋದವಳು ಅಲ್ಲೇ ಕುಸಿದಳು. ಟೊಂಕದ ಎಲುಬು ಮುರಿಯಿತು. ಆಸ್ಪತ್ರೆಯಲ್ಲಿ ಡಾಕ್ಟರು, "ಏನು ಔಷಧ ತಗೊಳ್ಳಾಕತ್ತಿದ್ರು?" ಎಂದು ಕೇಳಿದರು. ನಾನು ಗಟ್ಟಿಯಾಗಿ ಏನೂ ಇಲ್ಲ ಎಂದೆ. ಅವ್ವ ಸ್ಟ್ರೆಚರ್ ಮೇಲೆ ಕಣ್ಣು ಮುಚ್ಚಿಕೊಂಡೇ, "ಕಾಕಾನ ಪುಡಿಕಿ" ಎಂದಳು.

ಅವಳ ಜೀವ ಉಳಿಯಿತು. ಆದರೆ ಎಲುಬು ಟೊಳ್ಳಾಗಿತ್ತು, ಹಾಕಿದ ರಾಡು ಹಿಡಿಯಲಿಲ್ಲ. ಅವಳು ಮತ್ತೆ ನಡೆಯಲಿಲ್ಲ.

ನಾನು ಅಂಗಡಿಗೆ ಹೋದದ್ದು ಸಂಜೆ, ಪುಡಿಕೆಯ ಹೊತ್ತಿಗೆ. ಕೌಂಟರ್ ಮುಂದೆ ಜನ ಇದ್ದರು.

"ಕಾಕಾ, ನಮ್ಮವ್ವಗ ಏನ ಕೊಟ್ಟೀರಿ?"

"ಮಣಕಾಲಿಂದು ಸೆಟ್. ಯಾಕ್ರಿ?"

"ಬಿದ್ದಾಳ. ಟೊಂಕದ ಎಲುಬು ಮುರದೈತಿ. ನಿಮ್ಮ ಹಳದಿ ಗುಳಗಿಯಿಂದ."

ಅವನು ಕಣ್ಣು ಕೆಳಗೆ ಹಾಕಿದ. ಮುಖ ಸಣ್ಣದಾಯಿತು ಎಂದೇ ನಾನು ತಿಳಿದೆ. ಆದರೆ ಅವನು ಲೆಕ್ಕ ಹಾಕುತ್ತಿದ್ದ.

"ಯಾವಾಗ ಬಿದ್ರು? ನಾ ಮದವಿಗೆ ಹೋದಾಗಲ್ಲ? ನೋಡ್ರಿ ಮತ್ತ! ಪುಡಿಕಿ ತಗೊಳ್ಳೂತನಾ ನೆಟ್ಟಗ ಅಡ್ಡಾಡಿಕೊಂತ ಇದ್ರು. ಪುಡಿಕಿ ತಪ್ಪಿತು, ಬಿದ್ರು. ತಗೊಂಡು ಬಿದ್ದಿಲ್ಲ ಮೇಡಮ್, ಬಿಟ್ಟು ಬಿದ್ದಾರ. ಖರೇ ಹೌದಲ್ಲೋ?" ಎಂದು ಪಕ್ಕದಲ್ಲಿ ನಿಂತ ಗಿರಾಕಿಯನ್ನು ಕೇಳಿದ. ಆ ಗಿರಾಕಿ ಹೌದೆಂದು ಗೋಣು ಹಾಕಿದ.

ನನ್ನನ್ನು ಸುಟ್ಟದ್ದು ಅದೇ. ಅವನು ಹೇಳಿದ್ದು ಖರೆ. ಆ ಗುಳಗಿಯನ್ನು ತಿಂಗಳುಗಟ್ಟಲೆ ತೆಗೆದುಕೊಂಡರೆ ಮೈ ತನ್ನೊಳಗೆ ಹುಟ್ಟುವ ಅದೇ ರಸವನ್ನು ಮಾಡುವುದನ್ನು ನಿಲ್ಲಿಸಿಬಿಡುತ್ತದೆ. ಆಮೇಲೆ ಒಮ್ಮೆಗೇ ಬಿಟ್ಟರೆ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ. ರಕ್ತದೊತ್ತಡ ಇಳಿದು ಮನುಷ್ಯ ಕುಸಿಯುತ್ತಾನೆ, ಸಾಯಲೂಬಹುದು. ಅವ್ವ ಬಿಟ್ಟೇ ಬಿದ್ದಿದ್ದಳು. ಇದ್ಯಾವುದೂ ಗೊತ್ತಿಲ್ಲದೆ, ಗಿರಾಕಿಗಳ ಮುಂದೆ ಗೆಲ್ಲಲೆಂದು ಅವನು ಆ ಮಾತು ಆಡಿದ, ಗೆದ್ದ. ಕೈಯಲ್ಲಿ ಇನ್ನೊಂದು ಪುಡಿಕೆ ಮಡಚುತ್ತಲೇ ಇದ್ದ.

ಊಟ ಮುಗಿಸಿ ಬಂದ ಮಾಲೀಕರು, "ಕಾಕಾ ಇಲ್ಲದ ಕೌಂಟರ್ ನಡ್ಯಂಗಿಲ್ಲ ತಂಗೀ, ನೀವ ಹೇಳ್ರಿ, ನಾ ಏನ ಮಾಡ್ಲಿ?" ಎಂದರು. ನಾನು ಆ ಸ್ಟೂಲನ್ನೇ ಗೋಡೆಗೆ ಹಚ್ಚಿ ಹತ್ತಿ ನಿಂತು ನನ್ನ ಚೌಕಟ್ಟನ್ನು ಇಳಿಸಿಕೊಂಡೆ. ಎದುರಿನ ಬಸ್ ಸ್ಟಾಪಿನಲ್ಲಿ ಅದನ್ನು ಎದೆಗವಚಿಕೊಂಡು ಕುಳಿತೆ. ಆ ಪ್ರಮಾಣಪತ್ರ ಇಲ್ಲದೆ ಅಂಗಡಿ ತೆರೆದಿಡುವಂತಿಲ್ಲ, ಮಾಲೀಕರು ಹೆದರಿ ಶಟರ್ ಎಳೆಯುವುದನ್ನು ನೋಡಿದೆ. ಆಮೇಲೆ ಔಷಧ ಇಲಾಖೆಗೆ ದೂರು ಕೊಟ್ಟೆ, ಇನ್ಸ್‌ಪೆಕ್ಟರ್ ಸಾಹೇಬರು ಬಂದರು, ಕಾಕಾ ಅವರಿಗೆ ಚಹಾ ತರಿಸಿದ. ಪುಡಿಕೆಗೆ ಹೆಸರಿಲ್ಲವಲ್ಲ, ಏನು ಸಿಗಬೇಕು? ಸ್ವಲ್ಪ ದಿನಕ್ಕೆ ಅದೇ ಮೊಳೆಗೆ ಬೇರೆ ಯಾರದೋ ಫೋಟೋ ಬಂತು.

ನಾನು ಖಾನಾಪುರಕ್ಕೆ ಬಂದೆ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮನೆ ಬಾಡಿಗೆಗೆ ಹಿಡಿದು ಮುಂದಿನ ಕೋಣೆಯಲ್ಲಿ ಅಂಗಡಿ ಇಟ್ಟೆ. ಹಿಂದಿನ ಕೋಣೆಯಲ್ಲಿ ಅವ್ವನ ಮಂಚ, ನಡುವೆ ಒಂದು ಪರದೆ. ದಿನಕ್ಕೆ ಹಲವು ಸಲ ಅಂಗಡಿ ಬಿಟ್ಟು ಒಳಗೆ ಹೋಗಿ ಅವಳನ್ನು ಮಗ್ಗಲು ಬದಲಿಸಿ ಬರಬೇಕು. ಮಗ್ಗಲು ಬದಲಿಸುವಾಗೆಲ್ಲ ಅವಳು ಒಂದೇ ಮಾತು ಆಡುತ್ತಿದ್ದಳು.

"ಏನ ಅನ್ನವಾ, ಕಾಕಾರ ಕೈಗುಣ ಚಲೋ ಇತ್ತು. ನಿನ್ನ ಗುಳಗ್ಯಾಗ ಅದಿಲ್ಲ."

ನಾನು ಅವಳಿಗೆ ಎಲ್ಲವನ್ನೂ ಬಿಡಿಸಿ ಹೇಳಿದ್ದೆ. ಹಲವು ಸಲ ಹೇಳಿದ್ದೆ. "ಅಂವಾ ಒಂದ ದಿನದಾಗ ನನ್ನ ಎಬ್ಬಿಸಿದ್ದ. ನೀನು ಇಷ್ಟ ಓದಿ ಏನ ಮಾಡಿದಿ?" ಎನ್ನುವಳು. ಅವಳಿಗೆ ನೆನಪಿದ್ದದ್ದು ನೋವು ಹೋದ ಬೆಳಿಗ್ಗೆ ಮಾತ್ರ. ಕಾಕಾನ ಮೇಲಿನ ನನ್ನ ಸಿಟ್ಟು ಆರದಂತೆ ನೋಡಿಕೊಂಡವಳು ನನ್ನ ಅವ್ವನೇ.

ಬೆಳಗಾವಿಯಲ್ಲಿ ಕಾಲ ಬದಲಾಯಿತು. ಡಾಕ್ಟರುಗಳು ಚೀಟಿಗಳನ್ನು ಟೈಪು ಮಾಡಿ ಕೊಡತೊಡಗಿದರು, ಯಾರು ಬೇಕಾದರೂ ಓದಬಹುದು. ಮಾಲೀಕರ ಮಗ ಕಂಪ್ಯೂಟರ್ ತಂದ. ಯಾವ ಖಾನೆಯಲ್ಲಿ ಏನಿದೆ ಎಂದು ಅದೇ ಹೇಳುತ್ತಿತ್ತು. ಬಿಲ್ಲಿಲ್ಲದೆ ಒಂದು ಗುಳಗಿಯೂ ಹೊರಗೆ ಹೋಗುವಂತಿಲ್ಲ ಎಂದ ಮೇಲೆ ಪುಡಿಕೆ ನಿಂತಿತು. ಕಾಕಾನಿಗೆ ಶಾಲು ಹೊದಿಸಿ, ಹಾರ ಹಾಕಿ ಕಳಿಸಿದರು. ಕೊನೆಯ ಕೆಲವು ತಿಂಗಳು ಅವನನ್ನು ಮೂಲೆಯ ಸ್ಟೂಲಿನ ಮೇಲೆ ಕೂರಿಸಿದ್ದರಂತೆ. ಈ ಸುದ್ದಿ ತಂದ ಔಷಧ ಕಂಪನಿಯ ಹುಡುಗನಿಗೆ ನಾನು ಎರಡು ಸಲ ಚಹಾ ಕೊಟ್ಟೆ. ಅವತ್ತು ಮನೆಯಲ್ಲಿ ಶಿರಾ ಮಾಡಿದೆ. ಏನು ವಿಶೇಷ ಎಂದು ಅವ್ವ ಕೇಳಿದಳು, ಸುಮ್ಮನೆ ಮಾಡಿದೆ ಎಂದೆ. ಚೆನ್ನಾಗಿದೆ ಎಂದು ಇನ್ನಷ್ಟು ಹಾಕಿಸಿಕೊಂಡಳು.

ಅವನು ನಂದಗಡಕ್ಕೆ ಬಂದಿದ್ದಾನೆಂದು ಗೊತ್ತಿತ್ತು. ಒಂದಲ್ಲ ಒಂದು ದಿನ ಬರುತ್ತಾನೆ ಎಂದು ಕಾದಿದ್ದೆ. ಬಂದ. ಸಂತೆಯ ದಿನ, ಅಂಗಡಿಯ ಮುಂದೆ ಜನ ಇದ್ದರು. ಕೌಂಟರಿನ ಅಂಚು ಹಿಡಿದುಕೊಂಡು ನಿಂತ. ಕನ್ನಡಕ ಮೂಗಿನ ಮೇಲೆ ಇತ್ತು. ಹೆಬ್ಬೆರಳಿನ ಉಗುರು ಮುರಿದಿತ್ತು.

"ಆರಾಮ ಅದೀರೇನ್ರಿ ಮೇಡಮ್?" ಎಂದು ಆ ಹಳದಿ ಗುಳಗಿಯ ಹೆಸರು ಹೇಳಿದ. "ಒಂದ ಪಟ್ಟಿ ಕೊಡ್ರಿ. ಊರಾಗ ಎಲ್ಲೂ ಸಿಗವಲ್ದು."

ನಾನು ಅವನನ್ನು ನೋಡಿದೆ. ಮುಖ ಉಂಡೆಯಾಗಿ ಊದಿತ್ತು. ಕೈಗಳು ಕಡ್ಡಿಯಾಗಿದ್ದವು. ಮುಂಗೈ ತುಂಬ ನೀಲಿ ಕಲೆ. ಬೆಳಗಾವಿಯ ಜನರ ಮುಖವನ್ನೆಲ್ಲ ಓದಿದವನು ಕನ್ನಡಿಯಲ್ಲಿ ತನ್ನದನ್ನು ಓದಿಕೊಂಡಿರಲಿಲ್ಲ.

"ಎಷ್ಟ ದಿವಸದಿಂದ ತಗೊಳ್ಳಾಕತ್ತೀರಿ?"

"ಯಾಂವ ಲೆಕ್ಕಾ ಇಟ್ಟಾನ್ರಿ? ಮಣಕಾಲು ಹಿಡದಾಗಿಂದ. ಬರೂಮುಂದ ತಂದಿದ್ದೆ, ಎಲ್ಲಾ ತೀರ್ಯಾವ."

"ಯಾವಾಗ?"

"ಮೊನ್ನಿ. ನಿನ್ನಿಯಿಂದ ಕೈಕಾಲಾಗ ಜೀವ ಇಲ್ಲ. ಮುಂಜಾನಿ ವಾಂತಿ ಆತು. ಪಿತ್ತ ಆಗಿರಬೇಕು."

ಪಿತ್ತ! ಅಷ್ಟು ವರ್ಷ ಕೈಯಾರೆ ಕೊಟ್ಟ ಗುಳಗಿ, ಅದನ್ನು ಬಿಟ್ಟರೆ ಏನಾಗುತ್ತದೆ ಎಂದು ಅವನಿಗೆ ಇನ್ನೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅವ್ವನಿಗೆ ಆದದ್ದೇ ಅವನಿಗೆ ಆಗಲು ಶುರುವಾಗಿತ್ತು. ನಾನು 'ಚೀಟಿ ಇಲ್ಲದ ಕೊಡಾಂಗಿಲ್ಲ' ಎಂದು ಒಂದೇ ಮಾತು ಹೇಳಿದರೆ ಸಾಕಿತ್ತು. ಕಾಯಿದೆ ನನ್ನ ಕಡೆ ಇತ್ತು. ಯಾವ ಸಾಹೇಬರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ, ಬೆನ್ನು ತಟ್ಟುತ್ತಿದ್ದರು. ಅವನು ಪಿತ್ತವೆಂದು ನಿಂಬೆಹಣ್ಣಿನ ಪಾನಕ ಕುಡಿದು ಬಸ್ಸು ಹತ್ತುತ್ತಿದ್ದ. ಆ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದರ ರುಚಿ ನನಗೆ ಇನ್ನೂ ನೆನಪಿದೆ.

ಯಾಕೆ ಹೇಳಲಿಲ್ಲ ಎಂದು ಬಹಳ ಜನ ಕೇಳಿದ್ದಾರೆ. ದೊಡ್ಡ ಮನಸ್ಸು ಎಂದಿದ್ದಾರೆ. ಹಾಗೇನಿಲ್ಲ. ಹಾಗೆ ಸತ್ತರೆ ಅವನು ಏನೂ ತಿಳಿಯದೆ ಸಾಯುತ್ತಿದ್ದ. ಅದು ನನಗೆ ಸಾಲುತ್ತಿರಲಿಲ್ಲ.

ಮೂಲೆಯ ಸ್ಟೂಲನ್ನು ಅವನ ಕಡೆ ಸರಿಸಿದೆ. "ಕುಂದರ್ರಿ."

"ಕುಂದರಾಕ ಬಂದಿಲ್ರಿ. ಗುಳಗಿ ಕೊಟ್ರ ಹೋಗ್ತೀನಿ. ಬಸ್ಸೈತಿ."

"ಬಸ್ ಹೋದ್ರ ಹೋಗಲಿ."

ಅವನು ತಲೆ ಎತ್ತಿ ನನ್ನನ್ನು ನೋಡಿ, ಕುಳಿತ. ಎದುರಿನ ಡಾಕ್ಟರಿಗೆ ಫೋನ್ ಮಾಡಿದೆ. ಒಳಗಿರುವ ಪೇಷಂಟನ್ನು ನೋಡಿ ಮುಗಿಸ್ತೀನಿ, ಐದು ನಿಮಿಷಕ್ಕೆ ಕರಕೊಂಡು ಬನ್ನಿ ಎಂದರು. ಆ ಐದು ನಿಮಿಷ ನನ್ನವು. ಸಂತೆಗೆ ಬಂದವರೆಲ್ಲ ಕೇಳುವ ಹಾಗೆ ನನ್ನ ಭಾಷಣ ಶುರು ಮಾಡಿದೆ. ಈ ಗುಳಗಿ ಮೈಯೊಳಗೆ ಏನು ಮಾಡುತ್ತದೆ, ಎಲುಬಿಗೆ ಏನು ಮಾಡುತ್ತದೆ, ಒಮ್ಮೆಗೇ ಬಿಟ್ಟರೆ ನಿಶ್ಶಕ್ತಿ ಹೇಗೆ ಬರುತ್ತದೆ, ವಾಂತಿ ಹೇಗೆ ಬರುತ್ತದೆ, ಆಮೇಲೆ ಮನುಷ್ಯ ಎಲ್ಲಿ ಹೇಗೆ ಬೀಳುತ್ತಾನೆ, ಒಂದನ್ನೂ ಬಿಡಲಿಲ್ಲ. ಇದನ್ನು ಡಾಕ್ಟರ ಕೈಯಲ್ಲಿ ಸ್ವಲ್ಪಸ್ವಲ್ಪವಾಗಿ ಇಳಿಸಿಯೇ ಬಿಡಬೇಕು ಎಂದೆ. ಕೈ ಕಟ್ಟಿ ನಿಲ್ಲುತ್ತಿದ್ದವನು ಈಗ ಎರಡೂ ಕೈಯಿಂದ ಸ್ಟೂಲು ಹಿಡಿದುಕೊಂಡಿದ್ದ.

ಸಣ್ಣ ಧ್ವನಿಯಲ್ಲಿ ಕೇಳಿದ. "ಹಂಗಾದ್ರ... ನಿಮ್ಮ ಅವ್ವಾರು..."

"ಹೌದ್ರಿ. ತಗೊಂಡು ಬಿದ್ದಿಲ್ಲ. ಬಿಟ್ಟು ಬಿದ್ದಾಳ. ನೀವ ಹೇಳಿದ್ರೆಲ್ಲ."

ಅವನ ಕಣ್ಣಿಗೆ ಅದು ಇಳಿಯುವುದನ್ನು ನಾನು ನೋಡಿದೆ. ಅಷ್ಟು ವರ್ಷ ನಾನು ಕಾದದ್ದು ಅದಕ್ಕೇ. ತೃಪ್ತಿಯಾಯಿತೇ ಎಂದರೆ, ಆಯಿತು. ಬಾಯಿ ಬಿಟ್ಟು ಹೇಳುತ್ತೇನೆ, ಬಹಳ ತೃಪ್ತಿಯಾಯಿತು.

ಅಷ್ಟರಲ್ಲಿ ಪರದೆಯ ಹಿಂದಿನಿಂದ ಅವ್ವ ಕೂಗಿದಳು. "ಯಾರವಾ ಅದು? ಕಾಕಾರ ಧ್ವನಿ ಕೇಳಿದಂಗಾತು? ಒಳಗ ಕರಿ ಅವರನ್ನ!"

ಕಾಕಾ ನನ್ನ ಕಡೆ ನೋಡಿ ಬೇಡ ಎಂದು ತಲೆಯಾಡಿಸಿದ. ಕೈ ಮುಗಿದ. "ಮೇಡಮ್, ಬ್ಯಾಡ್ರಿ."

"ಕರ್ಯಾಕತ್ತಾಳ. ಹೋಗ್ರಿ" ಎಂದು ಪರದೆ ಸರಿಸಿ ಹಿಡಿದೆ.

ಅವನು ಗೋಡೆ ಹಿಡಿದುಕೊಂಡು ಒಳಗೆ ಹೋದ. ಅವ್ವನನ್ನು ಅವನು ಕೊನೆಯ ಸಲ ನೋಡಿದಾಗ ಅವಳು ಎದ್ದು ನಡೆದಾಡುತ್ತಿದ್ದಳು. ಈಗ ಮಂಚದ ಮೇಲೆ ಒಂದು ಹಿಡಿ ಮನುಷ್ಯಳಾಗಿದ್ದಳು. ಅವನನ್ನು ನೋಡಿ ಅವಳ ಮುಖ ಅರಳಿತು.

"ಬರ್ರಿ ಕಾಕಾ, ಬರ್ರಿ! ಕುಂದರ್ರಿ. ನಿಮ್ಮ ನೆನಸದ ದಿನಾ ಇಲ್ಲ ನೋಡ್ರಿ. ನೀವಿದ್ದಿದ್ರ ನಾ ಹಿಂಗ ಬೀಳ್ತಿದ್ನೇನು? ಒಂದ ಪುಡಿಕಿ ತಂದೀರೇನ್ರಿ?"

ಅವ್ವ ಅವನ ಕೈ ಹಿಡಿದುಕೊಂಡಳು, ಆ ಮುರಿದ ಉಗುರಿನ ಕೈ. ಅದನ್ನು ಹಣೆಗೆ ಒತ್ತಿಕೊಂಡಳು. ನಾನು ಪರದೆ ಬಿಟ್ಟು ಕೌಂಟರಿಗೆ ಬಂದು ನಿಂತೆ.

ಆಮೇಲೆ ಅವನನ್ನು ರಸ್ತೆ ದಾಟಿಸಿ ಡಾಕ್ಟರ ಹತ್ತಿರ ಬಿಟ್ಟೆ. ಸೂಜಿ ಚುಚ್ಚಿದರು, ಸಲಾಯಿನ್ ಏರಿಸಿದರು, ಚೀಟಿ ಬರೆದರು. ಪ್ರತಿ ಸಂತೆಯ ದಿನ ಅವನು ಚೀಟಿ ಹಿಡಿದು ಬರುತ್ತಿದ್ದ. ನಾನು ಎಲ್ಲರ ಹಾಗೆ ಅವನನ್ನೂ ಪಾಳಿಯಲ್ಲಿ ನಿಲ್ಲಿಸಿದೆ, ಕವರಿನ ಮೇಲೆ ಗುಳಗಿಯ ಹೆಸರು ಬರೆದು ಅವನಿಂದ ಓದಿಸಿದೆ, ಹೇಗೆ ತೆಗೆದುಕೊಳ್ಳಬೇಕೆಂದು ಅವನ ಬಾಯಿಂದಲೇ ಹೇಳಿಸಿದೆ. ಗುಳಗಿ ಇಳಿಸಿದಂತೆಲ್ಲ ಅವನ ಮೊಣಕಾಲ ನೋವು ಎದ್ದು ಕುಳಿತಿತು. "ಕೊಲ್ಲಾಕತ್ತೀರಿ ಮೇಡಮ್" ಎಂದ ಒಂದು ದಿನ. "ಕೊಲ್ಲೂದಿದ್ರ ಅವತ್ತ ಗುಳಗಿ ಇಲ್ಲ ಅಂತಿದ್ದೆ" ಎಂದೆ. ಆಮೇಲೆ ಆ ಮಾತು ಆಡಲಿಲ್ಲ.

ನಾನು ಹೇಳದೆ ಅವನು ಮಾಡುತ್ತಿದ್ದ ಕೆಲಸ ಒಂದಿತ್ತು. ಬಂದವನು ಮೊದಲು ಪರದೆ ಸರಿಸಿ ಒಳಗೆ ಹೋಗುತ್ತಿದ್ದ. ಅವ್ವ ಪುಡಿಕೆ ಕೇಳುತ್ತಿದ್ದಳು. "ಮುಂದಿನ ಸಂತಿಗೆ ತರ್ತೀನ್ರಿ ಅಕ್ಕಾರ" ಎನ್ನುತ್ತಿದ್ದ. ಹೊರಗೆ ಬಂದಾಗ ಅವನ ಮುಖ ನೋಡಬೇಕೆಂದು ನಾನು ಎಂಥ ಗಿರಾಕಿಯನ್ನಾದರೂ ಬಿಟ್ಟು ಆ ಕಡೆ ತಿರುಗಿ ನಿಲ್ಲುತ್ತಿದ್ದೆ. ಗಂಡಸು ಅಷ್ಟು ಕುಗ್ಗಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ನನಗೆ ಬೇಸರ ಬರಲಿಲ್ಲ. ಹಳದಿ ಗುಳಗಿ ಪೂರ್ತಿ ಬಿಟ್ಟ ಮೇಲೂ, ಅಂಗಡಿಯಲ್ಲಿ ಏನೂ ಕೆಲಸವಿಲ್ಲದಿದ್ದರೂ, ಅವನು ಬರುತ್ತಲೇ ಇದ್ದ. ಬಾ ಎಂದು ಕರೆದವರು ಯಾರೂ ಇಲ್ಲ, ಬೇಡ ಎಂದವರೂ ಇಲ್ಲ.

ಹೋದ ತಿಂಗಳು ಒಂದು ಸಂತೆಗೆ ಬರಲಿಲ್ಲ. ಮಲಗಿದಲ್ಲೇ ಎದೆ ನಿಂತಿತಂತೆ. ನಾನು ಹೋಗಲಿಲ್ಲ. ಅಂಗಡಿ ತೆರೆದೇ ಇಟ್ಟಿದ್ದೆ.

ಅವ್ವನಿಗೆ ಹೇಳಬಾರದು ಎಂದುಕೊಂಡಿದ್ದೆ. ಎರಡು ಸಂತೆ ಕಳೆಯಿತು. "ಕಾಕಾರ ಯಾಕ ಬರವಲ್ರು?" ಎಂದು ಪಟ್ಟು ಹಿಡಿದಳು. ಮಗ್ಗಲು ಬದಲಿಸುತ್ತ ಹೇಳಿಬಿಟ್ಟೆ, "ಹೋದ್ರವಾ."

ಅವಳು ಗೋಡೆಯ ಕಡೆ ಮುಖ ಮಾಡಿದಳು. ಸ್ವಲ್ಪ ಹೊತ್ತಿಗೆ ಬೆನ್ನು ಅದುರುವುದು ನನ್ನ ಕೈಗೆ ತಿಳಿಯಿತು. ಟೊಂಕ ಮುರಿದಾಗ ಅವಳು ಅತ್ತಿರಲಿಲ್ಲ. ರಾಡು ಹಿಡಿಯಲಿಲ್ಲ, ಇನ್ನು ನಡೆಯುವುದಿಲ್ಲ ಎಂದು ಡಾಕ್ಟರು ಹೇಳಿದಾಗಲೂ ಅತ್ತಿರಲಿಲ್ಲ. ಈ ಮಂಚದ ಮೇಲೆ ಇಷ್ಟು ವರ್ಷ ನಾನು ಅವಳನ್ನು ಹೊರಳಿಸಿ, ತೊಳೆದು, ಉಣಿಸಿ ಮಲಗಿಸಿದ್ದೇನೆ, ಒಂದು ಹನಿ ಕಣ್ಣೀರು ನೋಡಿಲ್ಲ. ಈಗ ಅವನಿಗಾಗಿ ಅತ್ತಳು.

"ಪಾಪ. ಇನ್ನ ನನಗ ಪುಡಿಕಿ ಯಾರ ತರ್ತಾರ?" ಎಂದಳು.

ಬೇರೆಲ್ಲದರ ಲೆಕ್ಕವನ್ನು ನಾನು ಆ ಸ್ಟೂಲಿನ ಮೇಲೆ ಚುಕ್ತಾ ಮಾಡಿಕೊಂಡಿದ್ದೆ. ಅವ್ವನ ಈ ಅಳುವೊಂದಕ್ಕೆ ಅವನನ್ನು ಕ್ಷಮಿಸುವುದಿಲ್ಲ. ಕೂರಿಸಿ ಕೇಳೋಣವೆಂದರೆ ಅವನೂ ಇಲ್ಲ.